ಜನರಲ್ ಮನೆಗೆ ಡ್ರೈವರ್ ಬಂದಾಗ

"ಈ ಅಂಗಳದಲ್ಲೇ ಕಣೋ ನಂಗೆ ಲೈಸೆನ್ಸ್ ಕೊಟ್ಟಿದ್ದು."

ಮಡಿಕೇರಿಯ 'ಸನ್ನಿ ಸೈಡ್' ಗೇಟು ದಾಟುತ್ತಲೇ ಮಾವ ಆಡಿದ ಮೊದಲ ಮಾತು ಇದು. ಹೊರಗೆ ಟಿ-55 ಟ್ಯಾಂಕು ನಿಂತಿತ್ತು, ಇನ್ನೊಂದು ಕಡೆ ಮಿಗ್-21 ವಿಮಾನ. ಶಾಲೆ ಮಕ್ಕಳು ಎರಡರ ನಡುವೆ ಓಡಾಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾವನಿಗೆ ಟ್ಯಾಂಕೂ ಬೇಡ, ವಿಮಾನವೂ ಬೇಡ. ಅವರ ಕಣ್ಣು ನೆಲದ ಮೇಲಿತ್ತು. ಹದಿನೇಳು ವರ್ಷ ಸೇನೆಯಲ್ಲಿ ಶಕ್ತಿಮಾನ್ ಲಾರಿ ಓಡಿಸಿ, ಅದರಲ್ಲಿ ಮೂರು ಸಲ ಲಡಾಖ್ ರಸ್ತೆ ಕಂಡು, ಪೆನ್ಷನ್ ಮೇಲೆ ಊರಿಗೆ ಬಂದ ಮನುಷ್ಯ ಸಿವಿಲ್ ಲೈಸೆನ್ಸಿಗೆಂದು ಇಲ್ಲಿ ಸಾಲಿನಲ್ಲಿ ನಿಂತಿದ್ದರಂತೆ. ಮುಂದೆ ಹದಿನೆಂಟರ ಹುಡುಗ, ಹಿಂದೆ ಹದಿನೆಂಟರ ಹುಡುಗ. "ಗೇರ್ ಹಾಕೋಕೆ ಬರುತ್ತಾ ಅಂಕಲ್ ಅಂತ ಒಬ್ಬ ಕೇಳಿದ" ಎಂದು ಈಗಲೂ ನಗುತ್ತಾರೆ. ತಮ್ಮ ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ.

ಮಾವ ಹೇಳಿದ್ದು ಸುಳ್ಳಲ್ಲ. ಇವತ್ತು ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯ ಎನಿಸಿಕೊಂಡಿರುವ ಈ ಹೆಂಚಿನ ಮನೆಯಲ್ಲಿ ಮೊದಲು ಆರ್‌ಟಿಒ ಕಚೇರಿ ಇತ್ತು. ಭೂಸೇನೆಯ ಮುಖ್ಯಸ್ಥನಾದವನು ಆಡಿ ಬೆಳೆದ ಕೋಣೆಗಳಲ್ಲಿ ವರ್ಷಗಟ್ಟಲೆ ವಾಹನ ನೋಂದಣಿಯ ಕಡತಗಳು ಕೂತಿದ್ದವು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ ಎಂಬ ಸ್ಥಳೀಯರ ಕೂಟ ಬಿಡದೆ ಬೆನ್ನು ಹತ್ತಿತು. ನಿವೃತ್ತ ಸೇನಾಧಿಕಾರಿಗಳೂ ಊರಿನ ಹಿರಿಯರೂ ಅದರಲ್ಲಿದ್ದರು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ದುಡ್ಡು ಕೊಟ್ಟಿತು, ಕಚೇರಿ ಬೇರೆಡೆಗೆ ಹೋಯಿತು, ಮನೆ ರಿಪೇರಿಯಾಯಿತು. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಬಾಗಿಲು ತೆರೆದರು.

ಒಳಗೆ ಒಂದೊಂದು ಕೋಣೆಯಲ್ಲಿ ತಿಮ್ಮಯ್ಯನವರ ಬದುಕಿನ ಒಂದೊಂದು ತುಂಡು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟು. ಕೂನೂರು, ಬೆಂಗಳೂರಿನ ಬಿಷಪ್ ಕಾಟನ್, ಡೆಹ್ರಾಡೂನ್, ಆಮೇಲೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1945ರಲ್ಲಿ ಬರ್ಮಾದ ಅರಕಾನ್ ತೀರದ ಕಾಂಗಾವ್ ಕದನ. 1953ರಲ್ಲಿ ಕೊರಿಯಾದಲ್ಲಿ ಯುದ್ಧಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವ ತಟಸ್ಥ ಆಯೋಗದ ಅಧ್ಯಕ್ಷತೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ. ಕೊನೆಗೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕ. ಅಲ್ಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಆ ಪುಟ್ಟ ದ್ವೀಪದೇಶ ಅವರ ಮುಖವಿದ್ದ ಅಂಚೆಚೀಟಿ ಹೊರಡಿಸಿತು.

ಇಷ್ಟನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ನನ್ನನ್ನು ಕಾಡಿದ್ದು ಬೇರೆ. ಈ ಮನೆಯ ಮೂವರು ಗಂಡುಮಕ್ಕಳೂ ಸೇನಾಧಿಕಾರಿಗಳಾದವರು. ಹಿರಿಯ ಪೊನ್ನಪ್ಪ ಎರಡನೆಯ ಮಹಾಯುದ್ಧದಲ್ಲಿ ಸುಭಾಷರ ಆಜಾದ್ ಹಿಂದ್ ಫೌಜಿಗೆ ಸೇರಿದರು. ನಡುವಿನ ತಿಮ್ಮಯ್ಯ ಅದೇ ಯುದ್ಧದಲ್ಲಿ ಬ್ರಿಟಿಷ್ ಇಂಡಿಯಾದ ಸಮವಸ್ತ್ರದಲ್ಲೇ ಬರ್ಮಾದಲ್ಲಿ ಬೆಟಾಲಿಯನ್ ನಡೆಸಿ ಡಿಎಸ್‌ಒ ಪದಕ ಪಡೆದರು. ಒಂದೇ ಒಲೆಯ ಊಟ ಉಂಡ ಅಣ್ಣತಮ್ಮಂದಿರು ಒಂದು ಯುದ್ಧದ ಎರಡು ಕಡೆ. ಕಿರಿಯ ಸೋಮಯ್ಯ 1947–48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬಿಗೆ ಬಲಿಯಾದರು. ಸಂಗ್ರಹಾಲಯದ ಬೋರ್ಡಿನಲ್ಲಿ ಹೆಸರಿರುವುದು ಒಬ್ಬರದು. ಅದು ತಪ್ಪೆಂದಲ್ಲ, ಜನರಲ್ ಆದವರು ಅವರೊಬ್ಬರೇ. ಆದರೆ ಕರುಳಿನ ಲೆಕ್ಕದಲ್ಲಿ ಈ ಮನೆ ಸೋಮಯ್ಯನವರ ತಾಯಿಯ ಮನೆಯೂ ಹೌದಲ್ಲ. ಸೇನೆಯಲ್ಲಿ ರ‍್ಯಾಂಕ್ ಇರುವ ಹಾಗೆ ನೆನಪಿನಲ್ಲೂ ರ‍್ಯಾಂಕ್ ಇದೆ ಎಂದು ನನಗೆ ಅನ್ನಿಸುವುದು ಇಂಥ ಕಡೆ.

ಜೋಜಿಲಾದ ಕಥೆಯ ಮುಂದೆ ಬಂದಾಗ ಮಾವ ನಿಂತುಬಿಟ್ಟರು.

1948ರ ಚಳಿಗಾಲ ಬಾಗಿಲಲ್ಲಿತ್ತು. ಕಾಶ್ಮೀರ ಕಣಿವೆಯಿಂದ ಲಡಾಖಿಗೆ ಹೋಗುವ, ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆದಾರಿ ದಾಳಿಕೋರರ ಕೈಯಲ್ಲಿತ್ತು. ಕಾಲಾಳುಗಳ ಯತ್ನ ವಿಫಲವಾಗಿತ್ತು. ಡಿವಿಷನ್ ಕಮಾಂಡರ್ ಆಗಿದ್ದ ತಿಮ್ಮಯ್ಯ ಅಲ್ಲಿಗೆ ಟ್ಯಾಂಕು ಹತ್ತಿಸುವ ಯೋಚನೆ ಮಾಡಿದರು. ಕೇಳಿದವರು ನಕ್ಕಿದ್ದರೆ ಆಶ್ಚರ್ಯವಿಲ್ಲ, ಅಷ್ಟು ಎತ್ತರದಲ್ಲಿ ಯಾರೂ ಟ್ಯಾಂಕು ಇಳಿಸಿ ಕಾದಾಡಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುಅರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ, ಗೂಢಚಾರರ ಕಣ್ಣಿಗೆ ಬೀಳದಂತೆ ಹೊದಿಸಿ, ರಾತ್ರಿಯಲ್ಲಿ ಸಾಗಿಸಿದರು. ನವೆಂಬರ್ 1ರಂದು ಅವು ಹಿಮದ ನಡುವೆ ಮೇಲೇರಿದವು. ಮುಂದಿನ ಟ್ಯಾಂಕಿನಲ್ಲಿ ಜನರಲ್ ತಾವೇ ಇದ್ದರು. ಎದುರಾಳಿಗಳು ಬೆಚ್ಚಿ ಹಿಂದೆ ಸರಿದರು, ಲಡಾಖ್ ಉಳಿಯಿತು.

"ಟ್ಯಾಂಕು ಹತ್ತಿದ್ದೇನೋ ಸರಿ. ರೋಡು?" ಎಂದರು ಮಾವ.

ಡ್ರೈವರ್ ಕೇಳಬೇಕಾದ ಪ್ರಶ್ನೆಯೇ ಸರಿ. ಹೇಸರಗತ್ತೆ ನಡೆಯುವ ಆ ಕಾಲುದಾರಿಯನ್ನು ಟ್ಯಾಂಕಿನ ಅಗಲಕ್ಕೆ ಕಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆ ಬದಿಯ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಂದ್ರದಲ್ಲಿ ತಯಾರಾದ ಹುಡುಗರು. 1780ರಿಂದ ನಡೆದುಬಂದ ಆ ದಳದವರನ್ನು ಸೇನೆಯಲ್ಲಿ 'ತಂಬಿ' ಎಂದೇ ಕರೆಯುತ್ತಾರೆ. ದಕ್ಷಿಣದ ರಾಜ್ಯಗಳ ಮಕ್ಕಳು, ಹಿಮ ಕಂಡೇ ಇರದವರು, ಶತ್ರುವಿನ ಗುಂಡಿನ ಅಳತೆಯೊಳಗೆ ಗುದ್ದಲಿ ಹಿಡಿದು ಬಂಡೆ ಒಡೆದರು. ತಿಮ್ಮಯ್ಯನವರ ಟ್ಯಾಂಕಿನ ಚಿತ್ರ ಎಲ್ಲರಿಗೂ ಗೊತ್ತು. ಆ ಗುದ್ದಲಿಯ ಚಿತ್ರ ಎಷ್ಟು ಜನರ ಕಣ್ಣಲ್ಲಿದೆ?

ಮಾವ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತದ್ದಕ್ಕೆ ಇನ್ನೊಂದು ಕಾರಣ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಹೆಸರು ಉಳಿಯುವುದು ಎಷ್ಟೋ ಸಲ ಅದೃಷ್ಟದ ಮಾತು. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟ ತಂಡದಲ್ಲಿ ಅವರು ಬದಲಿ ಪೈಲಟ್. ಯಾರಾದರೂ ಹಿಂದೆ ಬಿದ್ದರೆ ಮಾತ್ರ ಹೋಗಬೇಕಾದವರು, ಹೋದರು, ಮರಳಲಿಲ್ಲ. ಕಡತದಲ್ಲಿ 'ಕಾಣೆಯಾದವರು' ಎಂದು ಬರೆಯಲಾಯಿತು. ಹದಿನಾಲ್ಕು ವರ್ಷ ಕಳೆದು, 1979ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಪುಸ್ತಕ ಬರೆದ. ಅದರಲ್ಲಿ ನಿಜ ಹೊರಬಿತ್ತು. ತನಗಿಂತ ಬಹಳ ವೇಗದ ಎಫ್-104 ಸ್ಟಾರ್‌ಫೈಟರ್ ಬೆನ್ನು ಹತ್ತಿದಾಗ ಒಬ್ಬ ಭಾರತೀಯ ಪೈಲಟ್ ಹಳೆಯ ಮಿಸ್ಟೇರ್ ವಿಮಾನದಲ್ಲೇ ತಿರುಗಿಬಿದ್ದು ಅದನ್ನು ಕೆಡವಿದ್ದ. ಎದುರಾಳಿ ಪೈಲಟ್ ಹೊರಕ್ಕೆ ಹಾರಿ ಬದುಕಿಕೊಂಡ, ಇವನು ಉಳಿಯಲಿಲ್ಲ. ಯಾರು ಈ ಪೈಲಟ್ ಎಂದು ಹುಡುಕಿದಾಗ ಸಿಕ್ಕ ಹೆಸರು ದೇವಯ್ಯ. ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಅವರಂಥ ಹಳೆಯ ಜೊತೆಗಾರರು ಸುಮ್ಮನೆ ಕೂರಲಿಲ್ಲ. 1988ರಲ್ಲಿ, ಸತ್ತು 23 ವರ್ಷಕ್ಕೆ, ಮಹಾವೀರ ಚಕ್ರ ಅವರ ಪತ್ನಿಯ ಕೈಗೆ ಬಂತು. ಆ ಪುಸ್ತಕ ಬರದಿದ್ದರೆ? ಕೊಡಗಿನ ಒಬ್ಬ ಮಗನ ನೆನಪನ್ನು ಕಾಪಾಡಿಕೊಟ್ಟದ್ದು ಗಡಿಯಾಚೆಯ ದಾಖಲೆ ಎಂಬುದನ್ನು ಆ ವೃತ್ತ ಸುತ್ತಿ ಬಸ್ಸು ಹಿಡಿಯುವಾಗಲೆಲ್ಲ ನೆನೆಯುತ್ತೇನೆ.

ಸತ್ತವರ ನೆನಪು ಉಳಿಸುವುದು ನಮ್ಮ ನಾಡಿಗೆ ಹೊಸದೇನಲ್ಲ. ದನ ಬಿಡಿಸಲು ಹೋಗಿ, ಊರು ಉಳಿಸಲು ಹೋಗಿ ಸತ್ತವನಿಗೆ ಊರವರು ಕಲ್ಲು ನೆಡುತ್ತಿದ್ದರು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರ ಜೊತೆ ಪಯಣ, ಮೇಲೆ ಶಿವನ ಸನ್ನಿಧಿ. ಬೆಂಗಳೂರು ಎಂಬ ಹೆಸರು ನಮಗೆ ಸಿಗುವ ಬಲು ಹಳೆಯ ಕಡೆಯೇ ಬೇಗೂರಿನ ಒಂದು ವೀರಗಲ್ಲು. ಆ ಊರಿನ ಕಾಳಗದಲ್ಲಿ ಸತ್ತವನ ಲೆಕ್ಕ ಬರೆಯುವಾಗ ಊರಿನ ಹೆಸರೂ ಉಳಿಯಿತು. ಕೊಡವರಲ್ಲಂತೂ ಕುಟುಂಬದ ಮೂಲಮನೆಯಾದ ಐನ್‌ಮನೆಯ ಬಳಿ ಹಿರಿಯರ ಗುಡಿ, ಕೈಮಡ ಇರುತ್ತದೆ, ಹಿರಿಯರಿಗೆ ಎಡೆ ಇಡುವ ದಿನ ಸತ್ತವರು ಮನೆಗೆ ಬಂದು ಹೋಗುತ್ತಾರೆ. ದೆಹಲಿಯ ರಾಷ್ಟ್ರೀಯ ಯುದ್ಧಸ್ಮಾರಕ 2019ರ ಫೆಬ್ರುವರಿ 25ರಂದು ತೆರೆದಾಗ ಅದರಲ್ಲಿ 25,942 ಹೆಸರುಗಳಿದ್ದವು. ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಇಟ್ಟಿಗೆ. ರ‍್ಯಾಂಕ್ ಬರೆದಿದ್ದಾರೆ, ನಿಜ; ಆದರೆ ಇಟ್ಟಿಗೆ ಎಲ್ಲರಿಗೂ ಒಂದೇ ಅಳತೆ. ಯಾರು ಯೋಚಿಸಿದರೋ, ಚೆನ್ನಾಗಿ ಯೋಚಿಸಿದ್ದಾರೆ.

ಹಳೆಯ ಸೈನಿಕರು ಪರಸ್ಪರ ಸಿಗುವುದು ಇಂಥ ಸ್ಮಾರಕಗಳಲ್ಲಿ ಎಂದುಕೊಂಡರೆ ತಪ್ಪಾಗುತ್ತದೆ. ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಅದೇ ದಿನ ನಮ್ಮ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದದ್ದು. ಅಂದು ಭಾಷಣ ಇರುತ್ತದೆ, ಶಾಲು ಇರುತ್ತದೆ. ರೆಜಿಮೆಂಟಿನ ಹುಟ್ಟುಹಬ್ಬಕ್ಕೆ ಹೋದರೆ ಬಡಾಖಾನಾ ಇರುತ್ತದೆ, ಅಧಿಕಾರಿಗಳೇ ಜವಾನರಿಗೆ ಬಡಿಸುವ ದೊಡ್ಡ ಊಟ. ಆದರೆ ನಿಜವಾದ ಭೇಟಿ ಆಗುವುದು ಸೇನೆಯ ಕ್ಯಾಂಟೀನಿನ ಸಾಲಿನಲ್ಲಿ. ತಿಂಗಳ ಕೋಟಾದ ರಮ್, ಸೋಪು, ಪ್ರೆಶರ್ ಕುಕ್ಕರ್ ಕೊಳ್ಳಲು ಬಂದವರು ಕೈಚೀಲ ಹಿಡಿದು ನಿಂತಿರುತ್ತಾರೆ. ಮಾಜಿ ಸೈನಿಕರ ಇಸಿಎಚ್‌ಎಸ್ ಕ್ಲಿನಿಕ್ಕಿನಲ್ಲಿ ಬಿಪಿ ಮಾತ್ರೆಗೆ ಕಾಯುತ್ತಾರೆ. ವರ್ಷಕ್ಕೊಮ್ಮೆ 'ನಾನಿನ್ನೂ ಇದ್ದೇನೆ' ಎಂದು ಪ್ರಮಾಣಪತ್ರ ಕೊಡಲು ಬರುತ್ತಾರೆ. "ಯಾವ ಯೂನಿಟ್ಟು?" ಇದು ಅವರ ನಮಸ್ಕಾರ. ಜಾತಿ, ಊರು, ಮಕ್ಕಳೆಷ್ಟು, ಎಲ್ಲ ಆಮೇಲೆ. ಒಂದೇ ಊರ ಕಡೆಯವನಾದರೆ 'ಗರಾಯಿ' ಎನ್ನುತ್ತಾರೆ, ಫೌಜಿನ ಹಿಂದಿಯಿಂದ ಮನೆಗೆ ತಂದ ಮಾತು. ಯೂನಿಟ್ ತಾಳೆಯಾದರೆ ಮುಂದಿನ ಪ್ರಶ್ನೆ, ಆ ವರ್ಷ ನೀನೆಲ್ಲಿದ್ದೆ. ಅದರ ಮುಂದಿನದು, ಅವನು ಏನಾದ. ಇಲ್ಲಿ ಒಂದು ಕ್ಷಣ ಮಾತು ನಿಲ್ಲುತ್ತದೆ. ಒಬ್ಬ ತಲೆ ಆಡಿಸುತ್ತಾನೆ, ಇನ್ನೊಬ್ಬ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾನೆ. ಅಷ್ಟರಲ್ಲಿ ಸಾಲು ಮುಂದೆ ಸರಿದಿರುತ್ತದೆ. ವೀರಗಲ್ಲು ಇಲ್ಲದ ಹೆಸರುಗಳೆಲ್ಲ ಉಳಿದಿರುವುದು ಈ ಸಾಲಿನಲ್ಲಿ.

ಆ ಲೆಕ್ಕದಲ್ಲಿ ಸನ್ನಿ ಸೈಡ್‌ಗೆ ನನ್ನ ಒಂದು ದೂರು ಇದೆ, ಒಂದು ಮೆಚ್ಚುಗೆ ಇದೆ. ದೂರು ಎಂದರೆ, ಆಯುಧಗಳ ಕೋಣೆಯಲ್ಲಿ ಮಕ್ಕಳು ಕಳೆಯುವ ಹೊತ್ತು ಉಳಿದ ಕಡೆ ಕಳೆಯುವುದಿಲ್ಲ. ಬಂದೂಕು ಮಾತಾಡುವಷ್ಟು ಗಟ್ಟಿಯಾಗಿ ಪತ್ರಗಳು, ಫೋಟೊಗಳು ಮಾತಾಡುವುದಿಲ್ಲ. ಮೆಚ್ಚುಗೆ ಎಂದರೆ, ಇದು ಮನೆಯಾಗಿ ಉಳಿದಿದೆ. ಕಿಟಕಿಯಿಂದ ಮಡಿಕೇರಿಯ ಮಂಜು ಒಳಗೆ ಬರುತ್ತದೆ. ಮಾವನಂಥವರು ಇಲ್ಲಿ ಅತಿಥಿಗಳ ಹಾಗೆ ಮೈ ಹಿಡಿದುಕೊಂಡು ನಡೆಯುವುದಿಲ್ಲ, ನೆಂಟರ ಹಾಗೆ ಗೋಡೆಗೆ ಒರಗುತ್ತಾರೆ. ಒರಗಿದಾಗ ಮಾತು ಬರುತ್ತದೆ.

ಜೋಜಿಲಾದ ಗೋಡೆಯ ಮುಂದೆ ಮಾವನಿಂದ ಬಂದ ಮಾತು ಇಷ್ಟು. ಎಂಬತ್ತರ ದಶಕದ ಆರಂಭ. ಶ್ರೀನಗರದಿಂದ ಲೇಹ್‌ಗೆ ಹೊರಟ ಕಾನ್ವಾಯ್. ಜೋಜಿಲಾದ ತಿರುವಿನಲ್ಲಿ ಮಾವನ ಗಾಡಿ ಮುಂದೆ, ಹಾಸನದ ಕಡೆಯ ಹುಡುಗನೊಬ್ಬನದು ಹಿಂದೆ. ತರಬೇತಿಯಿಂದಲೂ ಇಬ್ಬರೂ ಜೊತೆ, ಇಬ್ಬರಿಗೂ ರೊಟ್ಟಿ ಸೇರದು, ಅನ್ನ ಕಂಡರೆ ಪ್ರಾಣ. ಮೇಲಿನಿಂದ ಹಿಮ ಜಾರಿತು. ಮಾವ ಕನ್ನಡಿಯಲ್ಲಿ ನೋಡಿದರು, ಹಿಂದೆ ರಸ್ತೆಯೇ ಇರಲಿಲ್ಲ. "ಶಬ್ದ ಜಾಸ್ತಿ ಆಗಲಿಲ್ಲ" ಎಂದರು, ಅಷ್ಟೇ.

ಯುದ್ಧವೂ ಅಲ್ಲ, ಪದಕವೂ ಇಲ್ಲ. ಅವನ ಹೆಸರನ್ನು ಮಾವ ನನಗೆ ಹೇಳಿದ್ದು ಮೊದಲು ಸೇನೆಯ ನಂಬರಿನಿಂದ. ಒಂದು ಅಂಕಿಯೂ ತಡವರಿಸಲಿಲ್ಲ. ಆಮೇಲೆ ಹೆಸರು.

ಹೊರಗೆ ಬಂದು ಅಂಗಳದ ಸ್ಮಾರಕದ ಮುಂದೆ ಅವರು ಸಲ್ಯೂಟ್ ಹೊಡೆಯುತ್ತಾರೇನೋ ಎಂದು ನಾನು ಫೋನು ಸಿದ್ಧ ಮಾಡಿಕೊಂಡಿದ್ದೆ. ಹೊಡೆಯಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಕಾಫಿ ಕುಡಿಯೋಣ ಎಂದರು.

ಕುಶಾಲನಗರದ ಬಸ್ಸಿನಲ್ಲಿ ಕೂತಾಗ ಯಾರಿಗೋ ಫೋನು ಹಚ್ಚಿದರು. ಆ ಹಾಸನದ ಹುಡುಗನ ಅಣ್ಣನಿಗಂತೆ, ವರ್ಷಕ್ಕೆ ಎರಡು ಮೂರು ಸಲ ಮಾತಾಡುತ್ತಾರಂತೆ. ನಾನು ಕಿವಿ ಕೊಟ್ಟು ಕೂತೆ. ತಮ್ಮನ ಹೆಸರು ಒಮ್ಮೆಯೂ ಬರಲಿಲ್ಲ. ಮಳೆ ಹೇಗೆ, ಕಾಲುನೋವು ಹೇಗೆ, ಈ ಸಲ ಶುಂಠಿ ಚೀಲಕ್ಕೆ ಎಷ್ಟು ಎಂದು ಕೇಳಿದರು. ಆ ಕಡೆಯವರು ಏನೋ ಹೇಳಿದರು. "ಅಷ್ಟೇನಾ?" ಎಂದು ಬೇಸರಪಟ್ಟುಕೊಂಡು ಫೋನು ಇಟ್ಟರು.