ಪಾಟಿ, ಪರಸಿ ಮತ್ತು ಹಟ್ಟಿಯ ಕರಿಗಲ್ಲು

ಮಕ್ಕಳೇ, ಇವತ್ತು ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ: ‘ನೀವು ಅ ಆ ಇ ಈ ತಿದ್ದಿದ್ದು ಯಾವುದರ ಮೇಲೆ?’ ಕಲ್ಲಿನ ಪಾಟಿಯ ಮೇಲೆ ಎನ್ನುತ್ತಾರೆ. ಸುತ್ತ ಕಟ್ಟಿಗೆಯ ಚೌಕಟ್ಟು, ನಡುವೆ ತೆಳ್ಳನೆಯ ಕರಿಗಲ್ಲು. ಕೈಜಾರಿ ಬಿದ್ದರೆ ಪಾಟಿ ಎರಡು ಹೋಳು, ಮನೆಯಲ್ಲಿ ಬೈಗುಳ. ತಗಡಿನ ಪಾಟಿ, ಪ್ಲಾಸ್ಟಿಕ್ ಪಾಟಿ ಬಂದದ್ದು ಆಮೇಲೆ. ಆ ಕಲ್ಲು ಅಷ್ಟು ತೆಳ್ಳಗಿರಲು ಅದನ್ನು ಅರೆಯಬೇಕಾಗಿರಲಿಲ್ಲ. ಉಳಿಯಿಟ್ಟು ಮೆಲ್ಲಗೆ ಬಡಿದರೆ ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ. ಏಕೆ ಹಾಗೆ?

ಪಾಟಿಗಲ್ಲು ಹುಟ್ಟಿನಿಂದಲೇ ಪಾಟಿಗಲ್ಲಲ್ಲ. ಮೊದಲು ಅದು ನೀರಿನ ತಳದ ಕೆಸರು. ಕೆಸರು ಗಟ್ಟಿಯಾಗಿ ಜೇಡಿಶಿಲೆಯಾಯಿತು. ಮೇಲೆ ಮತ್ತಷ್ಟು ಕಲ್ಲುಮಣ್ಣು ಹೇರಿಕೊಂಡು ಆಳಕ್ಕೆ ಇಳಿಯಿತು. ನೆಲದೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆ ಸುಮಾರು 25ರಿಂದ 30 ಡಿಗ್ರಿ ಶಾಖ ಏರುತ್ತದೆ. ಮೇಲಿಂದ ಭಾರ, ಪಕ್ಕದಿಂದ ಒತ್ತಡ. ಜೇಡಿಯ ಕಣಗಳು ಅಭ್ರಕದಂಥ ಚಪ್ಪಟೆ ಹರಳುಗಳಾಗಿ ಬದಲಾದವು. ಅಡ್ಡಾದಿಡ್ಡಿ ಬಿದ್ದ ಇಸ್ಪೀಟ್ ಎಲೆಗಳನ್ನು ಎರಡು ಅಂಗೈಗಳ ನಡುವೆ ಒತ್ತಿ ನೋಡಿ, ಎಲ್ಲವೂ ಒಂದೇ ದಿಕ್ಕಿಗೆ ಮಲಗುತ್ತವೆ. ಹರಳುಗಳೂ ಹಾಗೆಯೇ ಸಾಲುಗೂಡಿದವು. ಪಾಟಿ ಹಾಳೆಯಾಗಿ ಸೀಳುವುದು ಆ ಸಾಲಿನ ಗುಂಟ.

ಇಲ್ಲಿ ಕಲ್ಲು ಕರಗಲಿಲ್ಲ ಎಂಬುದನ್ನು ಮರೆಯಬಾರದು. ಕರಗಿ ಆರಿದ್ದರೆ ಅದು ಅಗ್ನಿಶಿಲೆ ಆಗುತ್ತಿತ್ತು. ಹಸಿ ಇಟ್ಟಂಗಿಯನ್ನು ಭಟ್ಟಿಯಲ್ಲಿ ಸುಟ್ಟಾಗ ಅದು ಕರಗುವುದಿಲ್ಲ. ಆದರೆ ಸುಟ್ಟ ಇಟ್ಟಂಗಿಯನ್ನು ಎಷ್ಟು ನೆನೆಸಿದರೂ ಮತ್ತೆ ಕೆಸರಾಗದು. ಹೀಗೆ ಕರಗದೆಯೇ ರೂಪ ಬದಲಿಸಿದ ಕಲ್ಲಿಗೆ ರೂಪಾಂತರ ಶಿಲೆ ಎಂದು ಹೆಸರು.

ಇವುಗಳನ್ನು ವಿಂಗಡಿಸುವವರು ಮೊದಲು ನೋಡುವುದು ಹರಳುಗಳು ಸಾಲುಗೂಡಿವೆಯೇ ಎಂದು. ಸಾಲಿರುವ ಕಲ್ಲುಗಳಲ್ಲಿ ಶಾಖ ಮತ್ತು ಒತ್ತಡ ಹೆಚ್ಚಿದಂತೆ ಹೆಸರು ಬದಲಾಗುತ್ತದೆ. ಜೇಡಿಶಿಲೆಯಿಂದ ಪಾಟಿಗಲ್ಲು, ಅದರಿಂದ ರೇಷ್ಮೆಯಂತೆ ಮಿನುಗುವ ಫಿಲೈಟ್, ಆಮೇಲೆ ಹರಳುಗಳು ಕಣ್ಣಿಗೇ ಕಾಣುವ ಶಿಸ್ಟ್, ಕೊನೆಗೆ ಬಿಳಿ-ಕಪ್ಪು ಪಟ್ಟೆಗಳ ನೈಸ್. ಗ್ರಾನೈಟ್ ಕೂಡ ಒತ್ತಡಕ್ಕೆ ಸಿಕ್ಕರೆ ನೈಸ್ ಆಗಬಲ್ಲದು. ಸಾಲಿಲ್ಲದ ಕಲ್ಲುಗಳಿಗೆ ಅವುಗಳ ತಾಯಿಗಲ್ಲು ಯಾವುದೆಂದು ಕೇಳಬೇಕು. ಸುಣ್ಣಕಲ್ಲಿನ ಮಗಳು ಅಮೃತಶಿಲೆ, ಮರಳುಗಲ್ಲಿನ ಮಗಳು ಕ್ವಾರ್ಟ್‌ಜೈಟ್. ರೂಪ ಬದಲಾದರೂ ತಾಯಿಯ ಗುಣ ಬಿಡುವುದಿಲ್ಲ. ಸುಣ್ಣಕಲ್ಲಿನಂತೆಯೇ ಅಮೃತಶಿಲೆಗೂ ಹುಳಿ ಆಗದು. ನಿಂಬೆರಸ ಚೆಲ್ಲಿದರೆ ಹೊಳಪು ಹೋಗುತ್ತದೆ.

ಒಂದು ಕಡೆ ಮಾತ್ರ ಮೋಸ ಹೋಗಬೇಡಿ. ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೆ ಹಾಸಿರುವ ಶಹಾಬಾದ್ ಪರಸಿಯೂ ಪದರ ಪದರವಾಗಿಯೇ ಬಿಡಿಸಿಕೊಳ್ಳುತ್ತದೆ. ಆದರೆ ಅದು ರೂಪಾಂತರ ಶಿಲೆಯಲ್ಲ, ಸುಣ್ಣಕಲ್ಲು. ಅದರ ಪದರ ನೀರಿನ ತಳದಲ್ಲಿ ಒಂದರ ಮೇಲೊಂದು ಕೂತದ್ದು, ಒತ್ತಡದಿಂದ ಬಂದದ್ದಲ್ಲ. ಈ ತಪ್ಪನ್ನು ದೊಡ್ಡವರೂ ಮಾಡುತ್ತಾರೆ.

ಇನ್ನು ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತೋಣ, ಕಿಟಕಿ ಪಕ್ಕದ ಸೀಟು ಹಿಡಿಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಹಿಂದೆ ಸರಿದು ಮಸ್ಕಿ ಬರುತ್ತದೆ. ಸುತ್ತಲಿನ ಗುಡ್ಡಗಳು ಗ್ರಾನೈಟ್ ಮತ್ತು ನೈಸ್. ಅವುಗಳ ನಡುವೆ ಮಸ್ಕಿಯಿಂದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಕಡೆಗೆ ಕಪ್ಪು, ತೂಕದ ಕಲ್ಲಿನದೊಂದು ಪಟ್ಟಿ ಹಾದುಹೋಗಿದೆ. ಭೂವಿಜ್ಞಾನಿಗಳು ಅದನ್ನು ಹಟ್ಟಿ-ಮಸ್ಕಿ ಶಿಸ್ಟ್ ಪಟ್ಟಿ ಎನ್ನುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ಆಂಫಿಬೊಲೈಟ್ ಎಂಬ ರೂಪಾಂತರ ಶಿಲೆ. ಅದರ ತಾಯಿಗಲ್ಲು ಬಸಾಲ್ಟ್, ಅಂದರೆ ಆರಿದ ಲಾವಾ.

ಆ ಲಾವಾ ಉಕ್ಕಿದ್ದು ನೀರಿನೊಳಗೆ! ನೀರು ತಾಕಿದ ಲಾವಾದ ಮೈ ತಟ್ಟನೆ ಆರಿ ದಿಂಬಿನಂಥ ಮುದ್ದೆಗಳಾಗುತ್ತವೆ. ಅಂಥ ದಿಂಬುಗಳನ್ನು ಈ ಪಟ್ಟಿಯ ಕೆಲವೆಡೆ ಈಗಲೂ ಗುರುತಿಸಬಹುದು, ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾಗಿವೆ ಅಷ್ಟೆ. ಮಳೆಗೆ ಮುಗಿಲು ನೋಡುವ ಈ ಸೀಮೆಯಲ್ಲಿ 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರವಿತ್ತು ಎಂದರೆ ಅಜ್ಜ ನಂಬುತ್ತಾರೋ ಇಲ್ಲವೋ, ಕೇಳಿ ನೋಡಿ.

ಚಿನ್ನ ಬಂದದ್ದೂ ಈ ಬದಲಾವಣೆಯ ಜೊತೆಗೇ. ಆಳದ ಬಿಸಿನೀರು ಚಿನ್ನವನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಏರಿತು. ಬಿಳಿ ಬೆಣಚುಕಲ್ಲಿನ ಜೊತೆ ಅದನ್ನು ಅಲ್ಲೇ ಬಿಟ್ಟಿತು. ಆದರೆ ಒಂದು ಟನ್ ಕಲ್ಲು ಪುಡಿಮಾಡಿದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಅಷ್ಟಕ್ಕಾಗಿ ಸುಮಾರು 2000 ವರ್ಷಗಳ ಹಿಂದೆಯೇ ಹಟ್ಟಿಯಲ್ಲಿ ಜನ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಸಿಡಿಮದ್ದು ಇಲ್ಲದ ಕಾಲ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ನೀರೆರಚಿ ಬಿರಿಸುತ್ತಿದ್ದರು. ಆ ಕತ್ತಲೆಯಲ್ಲಿ, ಆ ಹೊಗೆಯಲ್ಲಿ ಎಷ್ಟು ಜನ ಉಸಿರು ಕಟ್ಟಿ ಬಿದ್ದರೋ, ಬರೆದಿಟ್ಟವರಿಲ್ಲ. ಈಗಿನ ಗಣಿ ಕಂಪನಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು; ಹಟ್ಟಿಯದು ನಡೆಯುತ್ತಲೇ ಇದೆ.

ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಯ ಮೇಲೆ ಅಕ್ಷರ ಕಂಡರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದಿತ್ತು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು.

ರಜೆಯಲ್ಲಿ ಅಜ್ಜನ ಜೊತೆ ಮಸ್ಕಿಗೆ ಹೋದರೆ ಶಾಸನ ನೋಡಿಯಾದ ಮೇಲೆ ಸುತ್ತಲಿನ ಗುಡ್ಡದ ಕಲ್ಲುಗಳಲ್ಲಿ ಪಟ್ಟೆ ಹುಡುಕಿ. ಶಾಸನದ ಬಂಡೆಯನ್ನು ಕೆರೆಯಬೇಡಿ. ಚೂರು ಬೇಕಿದ್ದರೆ ರಸ್ತೆ ಬದಿಯ ಜಲ್ಲಿ ರಾಶಿಯಲ್ಲಿ ಬೇಕಾದಷ್ಟು ಸಿಗುತ್ತವೆ.