ಗುಣ ಕೂಡಿದವು, ರಕ್ತ ನೋಡಿದ್ರಾ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಮದುವೆ ಮಾತು ಎದ್ದರೆ ಮೊದಲು ನೆನಪಾಗೋದು ಕಳ್ಳುಬಳ್ಳಿ. ಅತ್ತೆ ಮಗಳು, ಸೋದರಮಾವನ ಮಗ ಇರುವಾಗ ಹೊರಗಿನ ಸಂಬಂಧ ಯಾಕೆ ಅಂತಾರೆ ಹಿರಿಯರು. ನನಗೂ ಮೂವತ್ತಾಯ್ತು, ಮನೆಯಲ್ಲಿ ಇದೇ ಮಾತು. ಹೊಲ, ನೌಕರಿ, ಗುಣ ಎಲ್ಲಾ ನೋಡ್ತಾರೆ. ಆ ಪಟ್ಟಿಗೆ ಇನ್ನೊಂದು ಸೇರಿಸಿ ಅಂತ ನಾನು ಕೇಳ್ತಿದ್ದೇನೆ: ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್.

ಹೆಸರು ದೊಡ್ಡದು, ತತ್ವ ಸರಳ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಒಂದು ಪ್ರೋಟೀನ್. ಪಿಎಚ್ 8.6ರ ದ್ರಾವಣದಲ್ಲಿ ಅದಕ್ಕೆ ನೆಗೆಟಿವ್ ಚಾರ್ಜ್ ಬರುತ್ತದೆ. ಜೆಲ್ ಮೇಲೆ ಒಂದು ಹನಿ ಇಟ್ಟು ಕರೆಂಟ್ ಹರಿಸಿದರೆ ಪಾಸಿಟಿವ್ ಕಡೆಗೆ ಸರಿಯುತ್ತದೆ. ಚಾರ್ಜ್ ಹೆಚ್ಚಿದ್ದದ್ದು ಮುಂದೆ ಹೋಗುತ್ತದೆ, ಕಡಿಮೆ ಇದ್ದದ್ದು ಹಿಂದೆ ಉಳಿಯುತ್ತದೆ. ಸಾಮಾನ್ಯ ‘ಎ’ ಎಲ್ಲಕ್ಕಿಂತ ಮುಂದೆ, ಆಮೇಲೆ ‘ಎಫ್’, ‘ಎಸ್’, ಕೊನೆಗೆ ‘ಎ2’.

1949ರಲ್ಲಿ ಲೈನಸ್ ಪಾಲಿಂಗ್ ತಂಡ ಹೀಗೇ ಸಿಕಲ್ ಸೆಲ್ ರೋಗಿಗಳ ಹಿಮೋಗ್ಲೋಬಿನ್ ಬೇರೆ ಅಂತ ತೋರಿಸಿತು. ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಬದಲಾಗಿದ್ದು ಒಂದೇ ಒಂದು. ನಮ್ಮ ಕೋಡ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಕಂಪೈಲರ್ ಕೂಗುತ್ತದೆ. ದೇಹ ಎಷ್ಟೋ ಸಲ ಕೂಗುವುದಿಲ್ಲ.

ಥಲಸ್ಸೀಮಿಯಾ ವಾಹಕರ ಕಥೆಯೂ ಅದೇ. ಅವರು ಆರೋಗ್ಯವಾಗೇ ಇರ್ತಾರೆ, ಹೆಚ್ಚೆಂದರೆ ಸ್ವಲ್ಪ ರಕ್ತಹೀನತೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಾಧ್ಯತೆ 25%. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಒಂದೇ ಕುಟುಂಬದವರಲ್ಲಿ ಅದೇ ದೋಷ ಹಂಚಿಕೆಯಾಗಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಕಳ್ಳುಬಳ್ಳಿಯಲ್ಲಿ ಮದುವೆಯಾಗುವವರು ಇದನ್ನು ಬಿಡಬಾರದು.

ಮೊದಲ ಸುಳಿವು ಸಾಮಾನ್ಯ ಸಿಬಿಸಿಯಲ್ಲೇ ಸಿಗಬಹುದು: ಎಂಸಿವಿ 80ಕ್ಕಿಂತ, ಎಂಸಿಎಚ್ 27ಕ್ಕಿಂತ ಕಡಿಮೆ. ಕಬ್ಬಿಣದ ಕೊರತೆಯಲ್ಲೂ ಹೀಗೇ ಕಾಣುತ್ತದೆ. ಆಗ ಎ2 ಪ್ರಮಾಣ ಅಳೆಯಬೇಕು. ಅದು ಸುಮಾರು 3.5% ದಾಟಿದರೆ ಬೀಟಾ ವಾಹಕ ಇರಬಹುದು ಅಂತ ವೈದ್ಯರು ನೋಡ್ತಾರೆ. ಈಗ ಹಲವು ಲ್ಯಾಬ್‌ಗಳು ಇದನ್ನು ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿಯಲ್ಲಿ ಮಾಡುತ್ತವೆ. ಕಬ್ಬಿಣ ಕಡಿಮೆ ಇದ್ದರೆ ಎ2 ಕೂಡ ಕಡಿಮೆ ತೋರಿಸಬಹುದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಫಲಿತಾಂಶ ದಾರಿ ತಪ್ಪಿಸುತ್ತದೆ. ಇವೆರಡನ್ನೂ ಮೊದಲೇ ಹೇಳಿ.

ಅವ್ವನ ಹೆದರಿಕೆ ಒಂದೇ: “ಹುಡುಗಿಗೆ ದೋಷ ಐತಿ ಅಂತ ಊರ ಮಂದಿ ಮಾತಾಡಿದ್ರ?” ಅದಕ್ಕೇ ಇಬ್ಬರೂ ಒಂದೇ ದಿನ ರಕ್ತ ಕೊಡಬೇಕು, ಮೊದಲು ಗಂಡಿನದೇ ಆಗಲಿ. ಒಬ್ಬರು ಮಾತ್ರ ವಾಹಕರಾದರೆ ಮಗುವಿಗೆ ತೀವ್ರ ಥಲಸ್ಸೀಮಿಯಾದ ಭಯವಿಲ್ಲ. ಇಬ್ಬರೂ ಆದರೂ ಮದುವೆ ಮುರಿಯಲೇಬೇಕಂತಿಲ್ಲ. ಬಸಿರಿನ ಮೊದಲ ತಿಂಗಳುಗಳಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಮದುವೆಯಾಗಿಬಿಟ್ಟಿದ್ದರೂ ತಡವಾಗಿಲ್ಲ, ಮಗುವಿಗೆ ಮುಂಚೆ ಮಾಡಿಸಿ.

ನಿಶ್ಚಿತಾರ್ಥದ ದಿನ ಗುರುತು ಮಾಡುವ ಮೊದಲು ರಿಪೋರ್ಟ್ ಕೈಯಲ್ಲಿರಲಿ. ಸೀರೆ ಖರೀದಿ ಆಮೇಲೆ.