ತಿಮಿಂಗಿಲ ಹಂಚಿಕೊಂಡು ಉಣ್ಣುವ ಊರು

ನವೆಂಬರ್ 18ರ ಸುಮಾರಿಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ 22ರ ಹೊತ್ತಿಗೆ. ನಡುವಿನ ಸುಮಾರು 65 ದಿನ ಮಧ್ಯಾಹ್ನ ಕೆಲವು ತಾಸು ಮಾತ್ರ ದಕ್ಷಿಣದ ಬಾನಂಚಿನಲ್ಲಿ ಮುಸ್ಸಂಜೆಯಂಥ ಮಬ್ಬು ಬೆಳಕು. ಉಳಿದಂತೆ ಕತ್ತಲೆ. ಆ ಕತ್ತಲೆಯಲ್ಲೇ ಮಕ್ಕಳು ಶಾಲೆಗೆ ಹೋಗುತ್ತಾರೆ, ಅಂಗಡಿ ಬಾಗಿಲು ತೆರೆಯುತ್ತದೆ, ಕಚೇರಿಗಳು ನಡೆಯುತ್ತವೆ. ಬೇಸಿಗೆಯಲ್ಲಿ ಎಲ್ಲವೂ ತಿರುವುಮುರುವು. ಮೇ 10ರ ಆಸುಪಾಸಿನಿಂದ ಆಗಸ್ಟ್ ಆರಂಭದವರೆಗೆ ಸೂರ್ಯ ಮುಳುಗುವುದೇ ಇಲ್ಲ. ನಡುರಾತ್ರಿಯಲ್ಲೂ ಹುಡುಗರು ಬೀದಿಯಲ್ಲಿ ಆಡಿಕೊಂಡಿರುತ್ತಾರೆ.

ಈ ಊರಿನ ಹೆಸರು ಉಟ್ಕಿಯಾಗ್‌ವಿಕ್. ಅಮೆರಿಕದ ಅಲಾಸ್ಕ ರಾಜ್ಯದಲ್ಲಿದೆ. ಆ ದೇಶದ ಉತ್ತರ ತುದಿಯ ಕೊನೆಯ ಪಟ್ಟಣ. ಉತ್ತರ ಧ್ರುವವೃತ್ತವನ್ನು ದಾಟಿ ಇನ್ನೂ 500 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋದರೆ ಸಿಗುತ್ತದೆ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 4,927. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇನ್ಯುಪಿಯಾಟ್ ಎಂಬ ಮೂಲನಿವಾಸಿಗಳು.

ಹಳೆಯ ಭೂಪಟಗಳಲ್ಲಿ ಈ ಊರು 'ಬ್ಯಾರೋ'. ಬ್ರಿಟನ್ನಿನ ನೌಕಾ ಇಲಾಖೆಯ ಅಧಿಕಾರಿ ಜಾನ್ ಬ್ಯಾರೋ ಅವರ ಹೆಸರನ್ನು 1826ರಲ್ಲಿ ಬಂದ ಇಂಗ್ಲಿಷ್ ನಾವಿಕರು ಪಕ್ಕದ ಭೂಶಿರಕ್ಕೆ ಇಟ್ಟರು. ಮುಂದೆ ಊರಿಗೂ ಅದೇ ಅಂಟಿತು. 2016ರ ಅಕ್ಟೋಬರಿನಲ್ಲಿ ಹಳೆಯ ಹೆಸರು ಮರಳಿ ಬರಬೇಕೇ ಎಂದು ಮತದಾನ ನಡೆಯಿತು. ಬೇಕು ಎಂದವರು 381, ಬೇಡ ಎಂದವರು 375. ಆರೇ ಆರು ಮತಗಳ ಅಂತರದಲ್ಲಿ ಊರು ತನ್ನ ಹೆಸರನ್ನು ಮರಳಿ ಪಡೆಯಿತು.

ಕಂಬಗಳ ಮೇಲೆ ಮನೆ

ಈ ಊರಿಗೆ ಹೊರಗಿನಿಂದ ಬರಲು ರಸ್ತೆ ಇಲ್ಲ. ವರ್ಷವಿಡೀ ವಿಮಾನವೇ ಗತಿ. ಬೇಸಿಗೆಯಲ್ಲಿ ಸಮುದ್ರದ ಮಂಜು ಕರಗಿದಾಗ ಭಾರದ ಸಾಮಾನು ಹೊತ್ತ ದೋಣಿಗಳು ಬರುತ್ತವೆ. ಹೀಗಾಗಿ ಹಾಲು, ಹಣ್ಣು, ತರಕಾರಿ ಎಲ್ಲವೂ ದುಬಾರಿ.

ಇಲ್ಲಿ ಮನೆಗಳು ನೆಲದ ಮೇಲೆ ಕೂತಿಲ್ಲ, ಕಂಬಗಳ ಮೇಲೆ ನಿಂತಿವೆ. ಕಾರಣ ನೆಲದ ಒಳಗಿದೆ. ಬೇಸಿಗೆಯಲ್ಲಿ ಮೇಲಿನ ತೆಳು ಪದರವಷ್ಟೇ ಸಡಿಲಗೊಳ್ಳುತ್ತದೆ. ಅದರ ಕೆಳಗೆ ನೂರಾರು ಮೀಟರ್ ಆಳದವರೆಗೆ ಮಣ್ಣು ಸದಾ ಹೆಪ್ಪುಗಟ್ಟಿರುತ್ತದೆ. ಮನೆಯನ್ನು ನೇರವಾಗಿ ನೆಲದ ಮೇಲೆ ಕಟ್ಟಿದರೆ ಒಳಗಿನ ಬಿಸಿಗೆ ಮಣ್ಣು ಕರಗಿ, ಅಡಿಪಾಯ ಕುಸಿಯುತ್ತದೆ. ಆದ್ದರಿಂದ ಮನೆಗೂ ನೆಲಕ್ಕೂ ನಡುವೆ ತಣ್ಣನೆಯ ಗಾಳಿ ಆಡಲು ಜಾಗ ಬಿಡುತ್ತಾರೆ.

ಇದೇ ಹೆಪ್ಪುಗಟ್ಟಿದ ನೆಲವನ್ನು ಕೊರೆದು ಮಾಡಿದ ನೆಲಮಾಳಿಗೆಗೆ 'ಸಿಗ್ಲುವಾಕ್' ಎಂದು ಹೆಸರು. ವಿದ್ಯುತ್ ಬೇಡದ ಶೀತಪೆಟ್ಟಿಗೆ ಅದು. ಏಣಿ ಇಳಿದು ಹೋದರೆ ಗೋಡೆಯ ಮೇಲೆಲ್ಲ ಮಂಜಿನ ಹರಳು. ಟನ್‌ಗಟ್ಟಲೆ ಮಾಂಸ ಅಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಮಾಂಸದಲ್ಲಿ ಬಹುಪಾಲು ತಿಮಿಂಗಿಲದ್ದು.

ಹೆಂಗಸರ ಸೂಜಿಯಿಂದ ಆರಂಭ

ಇಲ್ಲಿನವರು ಬೇಟೆಯಾಡುವುದು 'ಬೋಹೆಡ್' ಎಂಬ ತಿಮಿಂಗಿಲವನ್ನು. ಹದಿನೆಂಟು ಮೀಟರ್‌ವರೆಗೆ ಬೆಳೆಯುವ ಈ ಪ್ರಾಣಿಯ ತಲೆ ಎಷ್ಟು ಗಟ್ಟಿಯೆಂದರೆ, ಉಸಿರಾಡಲು ಮಂಜಿನ ಹಾಳೆಯನ್ನೇ ಒಡೆದುಕೊಂಡು ಮೇಲೆ ಬರುತ್ತದೆ. ಆಯಸ್ಸೂ ದೀರ್ಘ. 2007ರಲ್ಲಿ ಇಲ್ಲಿ ಹಿಡಿದ ತಿಮಿಂಗಿಲವೊಂದರ ಮೈಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಯಾರಾದ ಸಿಡಿ ಈಟಿಯ ತುಂಡು ಸಿಕ್ಕಿತು. ಅಂದರೆ ನೂರು ವರ್ಷಕ್ಕೂ ಹಿಂದೆ ಯಾರೋ ಹೊಡೆದು ತಪ್ಪಿಸಿಕೊಂಡ ತಿಮಿಂಗಿಲ ಅದು.

ಬೇಟೆ ಏಪ್ರಿಲ್, ಮೇ ತಿಂಗಳದ್ದಾದರೂ ಕೆಲಸ ಚಳಿಗಾಲದಲ್ಲೇ ಶುರುವಾಗುತ್ತದೆ, ಅದೂ ಹೆಂಗಸರಿಂದ. 'ಉಮಿಯಾಕ್' ಎಂಬ ದೋಣಿಯ ಮರದ ಚೌಕಟ್ಟಿಗೆ ಗಡ್ಡದ ಸೀಲ್ ಪ್ರಾಣಿಯ ಐದಾರು ಚರ್ಮಗಳನ್ನು ಹೊಲಿದು ಹೊದಿಸಬೇಕು. ದಾರ ಕ್ಯಾರಿಬೂ ಸಾರಂಗದ ಸ್ನಾಯುವಿನದು. ಸೂಜಿ ಚರ್ಮದ ಅರ್ಧ ದಪ್ಪಕ್ಕಷ್ಟೇ ಇಳಿಯಬೇಕು. ಆಚೆ ಬದಿಗೆ ತೂರಿದರೆ ಅಲ್ಲಿಂದ ನೀರು ಒಸರುತ್ತದೆ. ಮಂಜುಗಡ್ಡೆಯಂಥ ನೀರಿನಲ್ಲಿ ಗಂಡಸರ ಜೀವ ನಿಂತಿರುವುದು ಈ ಹೊಲಿಗೆಯ ಮೇಲೆ.

ತಂಡದ ನಾಯಕನಿಗೆ 'ಉಮಿಯಾಲಿಕ್' ಎನ್ನುತ್ತಾರೆ. ಬೇಟೆಗೆ ಮೊದಲು ಆತನ ಮನೆಯವರು ನೆಲಮಾಳಿಗೆಯನ್ನು ಚೊಕ್ಕಟ ಮಾಡಬೇಕು. ತಿಮಿಂಗಿಲವನ್ನು ಮನುಷ್ಯ ಗೆಲ್ಲುವುದಲ್ಲ, ಅದೇ ತನ್ನನ್ನು ಒಪ್ಪಿಸಿಕೊಳ್ಳುತ್ತದೆ ಎಂಬುದು ಇಲ್ಲಿನವರ ನಂಬಿಕೆ. ಜಗಳವಿಲ್ಲದ ಮನೆ, ಕೈಬಿಚ್ಚಿ ಕೊಡುವ ಹೆಣ್ಣುಮಗಳು, ಚೊಕ್ಕಟವಾದ ನೆಲಮಾಳಿಗೆ ಇದ್ದಲ್ಲಿಗೆ ಅದು ಬರುತ್ತದಂತೆ.

ದಡಕ್ಕೆ ಅಂಟಿಕೊಂಡ ಸಮುದ್ರದ ಮಂಜಿನ ಮೇಲೆ ದಾರಿ ಕಡಿದು, ನೀರು ತೆರೆದುಕೊಂಡ ಅಂಚಿನಲ್ಲಿ ತಂಡಗಳು ಬಿಡಾರ ಹೂಡುತ್ತವೆ. ತಿಮಿಂಗಿಲದ ಕಿವಿ ಸೂಕ್ಷ್ಮ. ಆದ್ದರಿಂದ ಮಾತು ಕಡಿಮೆ. ಬಿಳಿಯ ಮೇಲಂಗಿ ತೊಟ್ಟು ಕಾಯುತ್ತಾರೆ. ಗಾಳಿ ತಿರುಗಿದರೆ ಕಾಲಡಿಯ ಮಂಜೇ ಒಡೆದು ಸಮುದ್ರದತ್ತ ತೇಲಿಹೋಗಬಹುದು. ಮಂಜಿನ ಬಣ್ಣ, ಪ್ರವಾಹದ ಸೆಳೆತ, ಗಾಳಿಯ ದಿಕ್ಕು ಓದಬಲ್ಲ ಹಿರಿಯರ ಮಾತು ಇಲ್ಲಿ ಕಾನೂನು.

ತಿಮಿಂಗಿಲ ಸಿಕ್ಕಿತೆಂದರೆ ಸುದ್ದಿ ರೇಡಿಯೋದಲ್ಲಿ ಊರಿಗೆಲ್ಲ ಹರಡುತ್ತದೆ. ನಾಯಕನ ಮನೆಯ ಮೇಲೆ ಆ ಮನೆತನದ ಬಾವುಟ ಏರುತ್ತದೆ. ಊರಿಗೆ ಊರೇ ಮಂಜಿನ ಮೇಲೆ ನಡೆದು ಬಂದು, ತೇರಿನ ಹಗ್ಗಕ್ಕೆ ಕೈ ಕೊಟ್ಟಂತೆ, ಆ ದೈತ್ಯ ದೇಹವನ್ನು ಎಳೆದು ಮೇಲೆ ಹಾಕುತ್ತದೆ.

ಮಾರುವಂತಿಲ್ಲ, ಹಂಚಬೇಕು

ಯಾವ ಭಾಗ ಯಾರಿಗೆ ಎಂಬುದಕ್ಕೆ ತಲೆಮಾರುಗಳಿಂದ ಬಂದ ನಿಯಮವಿದೆ. ಹಿಡಿದ ತಂಡಕ್ಕೆ ಒಂದು ಪಾಲು, ನೆರವಿಗೆ ಬಂದ ತಂಡಗಳಿಗೆ ಒಂದು ಪಾಲು. ಮಾರನೆಯ ದಿನ ನಾಯಕನ ಮನೆಯ ಬಾಗಿಲು ಊರಿಗೆಲ್ಲ ತೆರೆದಿರುತ್ತದೆ, ಬಂದವರಿಗೆಲ್ಲ ಊಟ. ಚರ್ಮ ಮತ್ತು ಕೊಬ್ಬು ಸೇರಿದ 'ಮಕ್ತಾಕ್' ಎಲ್ಲರಿಗೂ ಅಚ್ಚುಮೆಚ್ಚು. ಮುದುಕರು, ವಿಧವೆಯರು, ಕಾಯಿಲೆಯವರ ಮನೆಗೂ ಪಾಲು ತಲುಪಬೇಕು. ಮಾಂಸವನ್ನು ಮಾರುವಂತಿಲ್ಲ.

ಜೂನ್ ತಿಂಗಳಲ್ಲಿ 'ನಲುಕಟಾಕ್' ಹಬ್ಬ. ಬೇಟೆಯಲ್ಲಿ ಗೆದ್ದ ತಂಡಗಳೇ ಅತಿಥೇಯರು. ಸೀಲ್ ಚರ್ಮಗಳನ್ನು ಹೊಲಿದು ಮಾಡಿದ ದೊಡ್ಡ ಹಾಸನ್ನು ಸುತ್ತಲೂ ಹತ್ತಾರು ಜನ ಹಿಡಿದು ಎಳೆಯುತ್ತಾರೆ. ಮೇಲೆ ನಿಂತವರು ಚೆಂಡಿನಂತೆ ಆಕಾಶಕ್ಕೆ ಚಿಮ್ಮುತ್ತಾರೆ. ನಾಯಕನ ಕುಟುಂಬದವರು ಚಿಮ್ಮುವಾಗ ಮಿಠಾಯಿ ಎರಚುವುದೂ ಉಂಟು. ಆಮೇಲೆ ಡೋಲು, ಕುಣಿತ, ಮತ್ತೆ ಹಂಚಿಕೆ.

ಎಣಿಕೆ ತಪ್ಪಿದ್ದು ಯಾರದು?

ಈ ಬದುಕಿಗೆ 1977ರಲ್ಲಿ ದೊಡ್ಡ ಪೆಟ್ಟು ಬಿತ್ತು. ತಿಮಿಂಗಿಲ ಬೇಟೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಆಯೋಗ ಬೋಹೆಡ್ ಬೇಟೆಗೆ ಪೂರ್ತಿ ತಡೆ ಹಾಕಿತು. ಉಳಿದಿರುವುದು 600ರಿಂದ 2,000 ತಿಮಿಂಗಿಲ ಮಾತ್ರ ಎಂಬುದು ವಿಜ್ಞಾನಿಗಳ ಅಂದಾಜಾಗಿತ್ತು.

ಆತಂಕಕ್ಕೆ ಕಾರಣ ಇರಲಿಲ್ಲವೆಂದಲ್ಲ. ಆದರೆ ತಿಮಿಂಗಿಲಗಳನ್ನು ಬರಿದು ಮಾಡಿದವರು ಈ ಊರಿನವರಲ್ಲ. 1848ರಲ್ಲಿ ಮೊದಲ ಅಮೆರಿಕನ್ ಬೇಟೆ ಹಡಗು ಬೇರಿಂಗ್ ಜಲಸಂಧಿ ದಾಟಿ ಬಂದಿತು. ದೀಪದ ಎಣ್ಣೆಗಾಗಿ, ಕೊಡೆಯ ಕಡ್ಡಿ, ಹೆಂಗಸರ ಬಿಗಿ ರವಿಕೆಗಳಿಗೆ ಬೇಕಾದ ಬಾಯಿಯ ಪಟ್ಟಿಗಳಿಗಾಗಿ ಆರೇಳು ದಶಕಗಳಲ್ಲಿ ಸಾವಿರಾರು ತಿಮಿಂಗಿಲಗಳು ಸತ್ತವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಡಿಕೆ ಬಿದ್ದುಹೋದಾಗ ಹಡಗುಗಳು ಹಿಂದಿರುಗಿದವು. ಉಳಿದವರು ಇಲ್ಲಿನವರು, ಶಿಕ್ಷೆಯೂ ಅವರಿಗೇ ಬಂತು.

ಬೇಟೆಗಾರರ ತಕರಾರು ಸರಳವಾಗಿತ್ತು. ಮಂಜಿನ ಅಂಚಿನಲ್ಲಿ ಕುಳಿತು ಕಣ್ಣಿಗೆ ಕಂಡದ್ದನ್ನಷ್ಟೇ ಎಣಿಸಿದ್ದೀರಿ. ಮಂಜಿನ ಕೆಳಗೂ ತಿಮಿಂಗಿಲಗಳು ಹೋಗುತ್ತವೆ, ದೂರದಲ್ಲೂ ಹೋಗುತ್ತವೆ, ಅವನ್ನು ಎಣಿಸಿದವರು ಯಾರು ಎಂಬುದು ಅವರ ಪ್ರಶ್ನೆ. ಅದೇ ವರ್ಷ ಅವರು ಅಲಾಸ್ಕ ಎಸ್ಕಿಮೋ ತಿಮಿಂಗಿಲ ಬೇಟೆ ಆಯೋಗವನ್ನು ಕಟ್ಟಿಕೊಂಡು ಹೋರಾಟಕ್ಕಿಳಿದರು. ವರ್ಷದ ಕೊನೆಯಲ್ಲಿ ಟೋಕಿಯೋ ಸಭೆ ಅಲ್ಪ ಪ್ರಮಾಣದ ಬೇಟೆಗೆ ಒಪ್ಪಿತು. 1978ರ ಸಾಲಿಗೆ ಅಲಾಸ್ಕದ ಎಲ್ಲ ಊರುಗಳಿಗೂ ಸೇರಿ 12 ತಿಮಿಂಗಿಲ.

ಮುಂದೆ ನೀರಿನೊಳಗೆ ಮೈಕ್ ಇಳಿಬಿಟ್ಟು ತಿಮಿಂಗಿಲಗಳ ದನಿ ಆಲಿಸಿ ಎಣಿಸುವ ವಿಧಾನ ಬಂತು. ಕಣ್ಣಿಗೆ ಒಂದೂ ಕಾಣದಿದ್ದ ದಿನಗಳಲ್ಲೂ ಮಂಜಿನ ಕೆಳಗಿಂದ ದನಿ ಕೇಳಿಸಿತು. ಬೇಟೆಗಾರರು ಹೇಳಿದ್ದು ನಿಜವಾಗಿತ್ತು. 2001ರ ಎಣಿಕೆಯಲ್ಲಿ ಸಂಖ್ಯೆ ಸುಮಾರು 10 ಸಾವಿರ, 2011ರಲ್ಲಿ ಸುಮಾರು 17 ಸಾವಿರ. 2019ರಿಂದ 2025ರವರೆಗಿನ ಏಳು ವರ್ಷಕ್ಕೆ ಅಲಾಸ್ಕ ಮತ್ತು ರಷ್ಯದ ಚುಕೊಟ್ಕ ತೀರದ ಮೂಲನಿವಾಸಿಗಳಿಗೆ ಒಟ್ಟು 392 ತಿಮಿಂಗಿಲಗಳ ಮಿತಿ ಗೊತ್ತಾಯಿತು. ಓದು ಬರಹದ ಜ್ಞಾನವೂ ಅನುಭವದ ಜ್ಞಾನವೂ ಜೊತೆಗೂಡಿದರೆ ಏನಾದೀತು ಎಂಬುದಕ್ಕೆ ಈ ಎಣಿಕೆ ಒಳ್ಳೆಯ ಉದಾಹರಣೆ.

ಕರಗುತ್ತಿರುವ ನೆಲ

ಈಗಿನ ಸಂಕಟಕ್ಕೆ ಯಾವ ಸಭೆಯಲ್ಲಿ ವಾದಿಸಬೇಕೋ ಊರಿಗೆ ತಿಳಿಯದು. ಭೂಮಿಯ ಉಳಿದ ಭಾಗಗಳಿಗಿಂತ ಆರ್ಕ್ಟಿಕ್ ವಲಯ ಬೇಗ ಬೇಗ ಬಿಸಿಯಾಗುತ್ತಿದೆ. 2017ರಲ್ಲಿ ಈ ಊರಿನ ತಾಪಮಾನ ಎಷ್ಟು ಏರಿತ್ತೆಂದರೆ, ಅಮೆರಿಕದ ಹವಾಮಾನ ದಾಖಲೆಯ ಕಂಪ್ಯೂಟರ್ ಅದನ್ನು ನಂಬದೆ, ಉಪಕರಣ ಕೆಟ್ಟಿರಬೇಕೆಂದು ಅಂಕಿಗಳನ್ನು ಬದಿಗೆ ಸರಿಸಿಬಿಟ್ಟಿತು. ಉಪಕರಣ ಸರಿಯಾಗಿಯೇ ಇತ್ತು.

ಸಮುದ್ರದ ಮಂಜು ಶರತ್ಕಾಲದಲ್ಲಿ ತಡವಾಗಿ ಕಟ್ಟುತ್ತದೆ, ವಸಂತದಲ್ಲಿ ಬೇಗ ಒಡೆಯುತ್ತದೆ. ಅಲೆಗಳನ್ನು ತಡೆಯುತ್ತಿದ್ದ ಮಂಜಿನ ಗೋಡೆ ಇಲ್ಲವಾದಾಗ ಬಿರುಗಾಳಿ ದಡವನ್ನು ಕೊರೆಯುತ್ತದೆ. ತೆಳುವಾದ ಮಂಜಿನ ಮೇಲೆ ತಿಮಿಂಗಿಲವನ್ನು ಎಳೆದು ಹಾಕುವುದೇ ಅಪಾಯ. ಹಿರಿಯರ ಹಳೆಯ ಲೆಕ್ಕಗಳು ಎಲ್ಲ ಸಲವೂ ಕೂಡಿಬರುವುದಿಲ್ಲ. ಕೆಲವು ನೆಲಮಾಳಿಗೆಗಳಲ್ಲಿ ನೀರು ನಿಂತಿದೆ, ಮಾಂಸ ಕೆಟ್ಟಿದೆ. ಚೊಕ್ಕಟವಾದ ನೆಲಮಾಳಿಗೆ ತಿಮಿಂಗಿಲಕ್ಕೆ ಕೊಡುವ ಮರ್ಯಾದೆ ಎಂದು ನಂಬಿದವರಿಗೆ ಇದು ಮಾಂಸದ ನಷ್ಟವಷ್ಟೇ ಅಲ್ಲ. ವಿದ್ಯುತ್ ಶೀತಪೆಟ್ಟಿಗೆ ಮಾಂಸವನ್ನು ಕಾಪಾಡೀತು. ಅದು ಸಿಗ್ಲುವಾಕ್ ಆಗುವುದಿಲ್ಲ.

ವಸಂತದಂತೆ ಶರತ್ಕಾಲದಲ್ಲೂ ಇಲ್ಲಿ ಬೇಟೆ ಉಂಟು. ಆಗ ತೆರೆದ ನೀರಿನಲ್ಲಿ ಮೋಟಾರು ದೋಣಿಗಳಲ್ಲಿ ಹೋಗುತ್ತಾರೆ. 2019ರ ಶರತ್ಕಾಲದಲ್ಲಿ ತಿಮಿಂಗಿಲಗಳು ಎಂದಿನ ದಾರಿಗೆ ಬರಲೇ ಇಲ್ಲ. ಸೆಪ್ಟೆಂಬರ್ ಕಳೆಯಿತು, ಅಕ್ಟೋಬರ್ ಕಳೆಯಿತು. ದೋಣಿಗಳು ದೂರ ದೂರ ಹೋಗಿ ಬರಿಗೈಯಲ್ಲಿ ಮರಳಿದವು. ಕೊನೆಗೂ ಒಂದು ತಿಮಿಂಗಿಲ ಸಿಕ್ಕಿದ್ದು ನವೆಂಬರ್ 16ರಂದು. ಆ ವರ್ಷದ ಸೂರ್ಯ ಮುಳುಗಲು ಇನ್ನೆರಡು ದಿನವಷ್ಟೇ ಉಳಿದಿತ್ತು. ಊರಿನವರು ದಡಕ್ಕೆ ಬಂದು, ಎಂದಿನಂತೆ ಪಾಲು ಹಾಕಿಕೊಂಡರು.